ಉಪ್ಪುನೀರಿನ ಪಾಚಿಯಲ್ಲಿ ಪ್ರೋಟೀನುಗಳ ಹೊಂದಾಣಿಕೆಯನ್ನು ಪರೀಕ್ಷಿಸುವ ಬಗೆ

ಡುನಾಲಿಯೆಲ್ಲಾ ಸಲೈನಾ ಎಂಬ ಏಕಕೋಶ ಪಾಚಿಯು ಸಮುದ್ರದ ನೀರಿಗಿಂತ ತೆಳುವಾದ ಉಪ್ಪುನೀರಿನಿಂದ ಹಿಡಿದು, ಉಪ್ಪಿನಾಗರದಲ್ಲಿ ಹರಳುಗಟ್ಟುತ್ತಿರುವ ನೀರಿನವರೆಗೆ ಬದುಕಬಲ್ಲದು. ಅದರ ಪ್ರೋಟೀನುಗಳನ್ನು ಪರೀಕ್ಷಿಸಲು ಹೊರಟವರು, ತಾವು ಹುಡುಕುತ್ತಿರುವ ಪ್ರೋಟೀನು ಕೋಶದ ಒಳಗಿದೆಯೇ, ಹೊರಮೈಯಲ್ಲಿದೆಯೇ ಎಂಬುದನ್ನು ಮೊದಲೇ ನಿಶ್ಚಯಿಸಿಕೊಳ್ಳಬೇಕು. ಈ ಪಾಚಿ ಸೋಡಿಯಂ ಅನ್ನು ಹೊರಹಾಕಿ, ಅದರ ಬದಲು ಗ್ಲಿಸರಾಲ್ ತುಂಬಿಕೊಂಡು ಹೊರಗಿನ ಒತ್ತಡವನ್ನು ಸರಿದೂಗಿಸುವುದರಿಂದ ಒಳಗಿನ ಕಿಣ್ವಗಳು ಉಪ್ಪನ್ನು ಎದುರಿಸಬೇಕಾಗಿಲ್ಲ. ಪೊಟ್ಯಾಸಿಯಂ ತುಂಬಿಕೊಳ್ಳುವ ಲವಣಪ್ರಿಯ ಆರ್ಕಿಯಾಗಳಂತೆ (ಬ್ಯಾಕ್ಟೀರಿಯಾವನ್ನು ಹೋಲುವ ಬೇರೆ ಬಗೆಯ ಸೂಕ್ಷ್ಮಜೀವಿಗಳಂತೆ) ಇಲ್ಲಿಯೂ ಬಹುತೇಕ ಎಲ್ಲ ಪ್ರೋಟೀನುಗಳು ಆಮ್ಲೀಯವಾಗಿರುತ್ತವೆ, ಅಂದರೆ ಮೇಲ್ಮೈಯಲ್ಲಿ ಹೆಚ್ಚು ಋಣ ಆವೇಶ ಹೊತ್ತಿರುತ್ತವೆ, ಎಂದು ನಿರೀಕ್ಷಿಸಿದರೆ ದಾರಿ ತಪ್ಪುತ್ತದೆ.

ಒಂದೇ ಮೂಲದ ಪಾಚಿಯನ್ನು 0.5 ಮೋಲಾರ್ ಮತ್ತು 3 ಮೋಲಾರ್ ಉಪ್ಪಿನಲ್ಲಿ (ಮೋಲಾರ್ ಎಂಬುದು ಒಂದು ಲೀಟರಿನಲ್ಲಿ ಕರಗಿರುವ ಉಪ್ಪಿನ ಅಳತೆ), ಸಮಾನ ಬೆಳಕಿನಲ್ಲಿ ಬೆಳೆಸಿರಿ. ಉಪ್ಪನ್ನು ಹಂತಹಂತವಾಗಿ ಏರಿಸಿ ಹಲವು ತಲೆಮಾರು ಬೆಳೆಯಲು ಬಿಡಬೇಕು. ಥಟ್ಟನೆ ಉಪ್ಪು ಏರಿಸಿದಾಗ ಕಾಣುವ ಗ್ಲಿಸರಾಲ್ ಹೆಚ್ಚಳಕ್ಕೆ ಹೊಸ ಪ್ರೋಟೀನುಗಳ ತಯಾರಿಕೆ ಅಗತ್ಯವಿಲ್ಲವಾದ್ದರಿಂದ, ಆ ಪ್ರಯೋಗ ಬೇರೆಯೇ ಪ್ರಶ್ನೆಗೆ ಉತ್ತರಿಸುತ್ತದೆ.

ಕೋಶಗಳನ್ನು ಸಂಗ್ರಹಿಸುವಾಗ ಹೆಚ್ಚಿನ ಎಚ್ಚರ ಬೇಕು. ಡುನಾಲಿಯೆಲ್ಲಾಗೆ ಗಟ್ಟಿಯಾದ ಕೋಶಭಿತ್ತಿಯಿಲ್ಲ. ಆದ್ದರಿಂದ ಸೆಂಟ್ರಿಫ್ಯೂಜನ್ನು ಮಂದಗತಿಯಲ್ಲಿ ತಿರುಗಿಸಿ, ಬೆಳೆಸಿದ ದ್ರವದಷ್ಟೇ ಉಪ್ಪಿರುವ ದ್ರಾವಣದಲ್ಲಿ ತೊಳೆಯಿರಿ. ಬರೀ ನೀರಿನಲ್ಲಿ ತೊಳೆದರೆ ಕೋಶಗಳು ನೀರು ಹೀರಿ ಒಡೆಯುತ್ತವೆ. ತೊಳೆದಾದ ಮೇಲೆ ಇದೇ ಗುಣ ನೆರವಿಗೆ ಬರುತ್ತದೆ: ಪ್ರೋಟೀನು ಕತ್ತರಿಸುವ ಕಿಣ್ವಗಳನ್ನು ತಡೆಯುವ ರಾಸಾಯನಿಕ ಬೆರೆಸಿದ, ಉಪ್ಪು ಕಡಿಮೆಯಿರುವ ಬಫರಿಗೆ (ಆಮ್ಲೀಯತೆ ಏರುಪೇರಾಗದಂತೆ ಕಾಯುವ ದ್ರಾವಣಕ್ಕೆ) ಹಾಕಿದರೆ ಕೋಶಗಳು ತಾವಾಗಿಯೇ ಒಡೆಯುತ್ತವೆ. ಅನಂತರ ಅತಿವೇಗದ ಸೆಂಟ್ರಿಫ್ಯೂಜಿನಲ್ಲಿ ಪೊರೆಗಳನ್ನು ಬೇರ್ಪಡಿಸಿರಿ. ಹೀಗೆ ಸಿಕ್ಕ ಪೊರೆಗಳಲ್ಲಿ ಕ್ಲೋರೋಪ್ಲಾಸ್ಟಿನವೂ ಸೇರಿರುತ್ತವೆ ಎಂಬುದನ್ನು ಫಲಿತಾಂಶ ಓದುವಾಗ ಗಮನದಲ್ಲಿಡಬೇಕು.

ಮುಂದಿನ ಹಂತ ಎಸ್‌ಡಿಎಸ್ ಜೆಲ್: ಇದರಲ್ಲಿ ವಿದ್ಯುತ್ ಹಾಯಿಸಿದಾಗ ಪ್ರೋಟೀನುಗಳು ಗಾತ್ರಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡುತ್ತವೆ. ಅದಕ್ಕೆ ಹಾಕುವ ಮುನ್ನ ಉಳಿದ ಉಪ್ಪನ್ನು ಡಯಾಲಿಸಿಸ್‌ನಿಂದ (ಸಣ್ಣ ಕಣಗಳನ್ನಷ್ಟೇ ಹೊರಬಿಡುವ ಪೊರೆಯ ಮೂಲಕ) ತೆಗೆಯದಿದ್ದರೆ ಪಟ್ಟಿಗಳು ವಕ್ರವಾಗುತ್ತವೆ. ಉಪ್ಪು ಏರಿದಂತೆ ಕೋಶವೊಂದರಲ್ಲಿನ ಕ್ಲೋರೋಫಿಲ್ ಬದಲಾಗುವ ಕಾರಣ, ಕ್ಲೋರೋಫಿಲ್ ಲೆಕ್ಕ ಹಿಡಿಯದೆ ಎರಡೂ ಮಾದರಿಗಳಿಂದ ಸಮಪ್ರಮಾಣದ ಪ್ರೋಟೀನನ್ನು ಹಾಕುವುದೇ ಸರಿ. 3 ಮೋಲಾರ್ ಮಾದರಿಯಲ್ಲಿ 60 ಮತ್ತು 150 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಹತ್ತಿರ ದಟ್ಟವಾಗುವ ಪಟ್ಟಿಗಳನ್ನು ನೋಡಿರಿ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು ಮೊದಲನೆಯದನ್ನು ಕಾರ್ಬಾನಿಕ್ ಅನ್‌ಹೈಡ್ರೇಸ್ (ಇಂಗಾಲದ ಡೈಆಕ್ಸೈಡ್ ಮತ್ತು ಬೈಕಾರ್ಬೊನೇಟ್‌ಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸುವ ಕಿಣ್ವ) ಎಂದು 1996ರಲ್ಲಿ, ಎರಡನೆಯದನ್ನು ಕಬ್ಬಿಣವನ್ನು ಹಿಡಿದುಕೊಳ್ಳುವ ಟ್ರಾನ್ಸ್‌ಫೆರಿನ್ ಬಗೆಯ ಪ್ರೋಟೀನು ಎಂದು 1997ರಲ್ಲಿ ವರದಿ ಮಾಡಿದರು. ಎರಡೂ ಕೋಶಪೊರೆಯ ಹೊರಮೈಯಲ್ಲಿವೆ. ಉಪ್ಪು ಹೆಚ್ಚಿದಂತೆ ನೀರಿನಲ್ಲಿ ಕರಗುವ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ, ಕಬ್ಬಿಣವೂ ಸುಲಭವಾಗಿ ದಕ್ಕುವುದಿಲ್ಲ. ಈ ಎರಡು ಕೊರತೆಗಳನ್ನು ನೀಗಿಸುವುದೇ ಅವುಗಳ ಕೆಲಸ.

ಆದ್ದರಿಂದಲೇ ಪಟ್ಟಿ ದಟ್ಟವಾಯಿತೆಂದ ಮಾತ್ರಕ್ಕೆ ಉಪ್ಪೇ ನೇರ ಕಾರಣವೆಂದು ಬರೆಯಬಾರದು. 3 ಮೋಲಾರ್‌ನಲ್ಲಿಯೇ ಇನ್ನೆರಡು ಪಾತ್ರೆಗಳನ್ನಿಟ್ಟು, ಒಂದಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿ, ಇನ್ನೊಂದಕ್ಕೆ ಹೆಚ್ಚುವರಿ ಕಬ್ಬಿಣ ಕೊಡಿರಿ. ಆಗ ಆಯಾ ಪಟ್ಟಿ ತೆಳುವಾದರೆ, ಅದನ್ನು ದಟ್ಟವಾಗಿಸಿದ್ದು ಆ ಕೊರತೆಯೇ ಎಂದು ತಿಳಿಯಬಹುದು. ಈ ಹೋಲಿಕೆಯಿಲ್ಲದ ಪ್ರಯೋಗವನ್ನು ನಾನು ಪೂರ್ಣವೆಂದು ಒಪ್ಪಲಾರೆ. ಕೊನೆಗೆ ಕಾರ್ಬಾನಿಕ್ ಅನ್‌ಹೈಡ್ರೇಸ್‌ನ ಚಟುವಟಿಕೆಯನ್ನು ಉಪ್ಪಿಲ್ಲದ ಬಫರಿನಲ್ಲಿಯೂ 3 ಮೋಲಾರ್ ಉಪ್ಪಿನಲ್ಲಿಯೂ ಅಳೆಯಿರಿ: ಮೇಲ್ಮೈಯ ತುಂಬ ಋಣ ಆವೇಶ ಹೊತ್ತ ಈ ಕಿಣ್ವ ಎರಡರಲ್ಲಿಯೂ ಕೆಲಸ ಮಾಡುತ್ತದೆ.