ವೆಬ್‌ಸೈಟಿನಲ್ಲಿ ಕನ್ನಡ ಕೆಟ್ಟಿದೆಯೇ? ಮೊದಲು ಕೆಟ್ಟಿದ್ದನ್ನೇ ಓದಿ

ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯೊಂದಕ್ಕೆ ನಾನು ವೆಬ್‌ಸೈಟ್ ಮಾಡಿಕೊಟ್ಟಿದ್ದೇನೆ. ಮೊನ್ನೆ ಬೆಳಿಗ್ಗೆ ಅಂಗಡಿಯವರ ಫೋನ್ ಬಂತು. "ಸಾರ್, ಅರಿಶಿನ, ಕುಂಕುಮ ಅಂತ ಇದ್ದಿದ್ದೆಲ್ಲ ಹೋಗಿ ಏನೇನೋ ಬಂದಿದೆ. ಗಿರಾಕಿಗಳು ಕೇಳ್ತಿದ್ದಾರೆ." ನಾನು ಕೇಳಿದ್ದು ಒಂದೇ. "ಏನು ಬಂದಿದೆ? ಒಂದು ಸ್ಕ್ರೀನ್‌ಶಾಟ್ ಕಳಿಸ್ತೀರಾ?"

ಬೆಂಗಳೂರಿನಲ್ಲಿ ಅಂಗಡಿ, ಶಾಲೆ, ಸಂಘಗಳಿಗೆ ಕನ್ನಡ ಸೈಟ್ ಮಾಡಿಕೊಡುವವರಿಗೆ ಇದು ಹೊಸದಲ್ಲ. ಗಾಬರಿಯಲ್ಲಿ ಮೊದಲು ಫಾಂಟ್ ಬದಲಾಯಿಸುತ್ತೇವೆ. ಆಮೇಲೆ ಡೇಟಾಬೇಸಿಗೆ ಕೈ ಹಾಕುತ್ತೇವೆ. ಅಷ್ಟರಲ್ಲಿ ಉಳಿದಿದ್ದ ಅಕ್ಷರವೂ ಹಾಳಾಗುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಟ್ಟ ಅಕ್ಷರ ಹೇಗೆ ಕಾಣುತ್ತಿದೆ ಅಂತ ನಿಧಾನವಾಗಿ ನೋಡಿ. ಎಲ್ಲಿ ಕೆಟ್ಟಿತು ಅನ್ನುವುದು ಅದರಲ್ಲೇ ಬರೆದಿರುತ್ತದೆ.

ಸಣ್ಣ 'ಎ', ಪಕ್ಕದಲ್ಲಿ ಪುಟ್ಟ 2

ತಲೆಯ ಮೇಲೆ ಓರೆಗೆರೆ ಇರುವ ಇಂಗ್ಲಿಷಿನ ಸಣ್ಣ 'ಎ', ಅದರ ಪಕ್ಕ ಮೇಲ್ಗಡೆ ಪುಟ್ಟದಾಗಿ 2 ಅಥವಾ 3. ಇದೇ ಜೋಡಿ ಸಾಲುಸಾಲಾಗಿ ಕಾಣುತ್ತಿದ್ದರೆ ನೆಮ್ಮದಿಯಾಗಿರಿ, ನಿಮ್ಮ ಕನ್ನಡ ಎಲ್ಲಿಗೂ ಹೋಗಿಲ್ಲ. ಅಕ್ಷರಗಳನ್ನು ಬೈಟ್ ಲೆಕ್ಕದಲ್ಲಿ ಬರೆದಿಡುವ ಒಂದು ಪದ್ಧತಿ ಯುಟಿಎಫ್-8. ಅದರಲ್ಲಿ ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆಗೂ 3 ಬೈಟ್ ಬೇಕು. ಮೊದಲ ಬೈಟ್ ಎಲ್ಲಕ್ಕೂ ಒಂದೇ. ಎರಡನೆಯದು ಎರಡರಲ್ಲಿ ಒಂದು. ಇವನ್ನು ಯಾರೋ ಲ್ಯಾಟಿನ್-1 (ಇಂಗ್ಲಿಷಿನಂಥ ಭಾಷೆಗಳ ಹಳೆಯ ಪದ್ಧತಿ) ಅಂದುಕೊಂಡು ಓದಿದಾಗ ಮೊದಲನೆಯದು ಆ 'ಎ' ಆಗುತ್ತದೆ, ಎರಡನೆಯದು ಆ ಪುಟ್ಟ 2 ಅಥವಾ 3 ಆಗುತ್ತದೆ. ಅಕ್ಷರ ಸರಿಯಾಗಿದೆ, ಓದುವವರು ತಪ್ಪಿದ್ದಾರೆ ಅಷ್ಟೇ.

ಈಗ ಹೊರಗಿನಿಂದ ಒಳಕ್ಕೆ ಹೋಗಿ. ಮೊದಲು ಪುಟದ ಮೇಲ್ಭಾಗದಲ್ಲಿ ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಅನ್ನುವ ಮೆಟಾ ಸಾಲು ಇದೆಯಾ ನೋಡಿ. ಅದು ಫೈಲಿನ ಮೊದಲ 1024 ಬೈಟ್ ಒಳಗೆ ಬರಬೇಕು. ಸರ್ವರ್ ಕಳಿಸುವ ಹೆಡರ್ ಇನ್ನೇನೋ ಹೇಳುತ್ತಿದ್ದರೆ ಹೆಡರ್ ಮಾತೇ ನಡೆಯುತ್ತದೆ, ಅದನ್ನೂ ನೋಡಿ. ಆಮೇಲೆ ಕೋಡ್ ಮತ್ತು ಡೇಟಾಬೇಸ್ ನಡುವಿನ ಕನೆಕ್ಷನ್. ಜಾಸ್ತಿ ಜನ ಮರೆಯುವುದು ಇಲ್ಲೇ. ಮೈಎಸ್‌ಕ್ಯೂಎಲ್ ಆದರೆ ಕನೆಕ್ಷನ್ನಿಗೂ ಟೇಬಲ್ಲಿಗೂ ಯುಟಿಎಫ್8ಎಂಬಿ4 ಕೊಡಿ. ಅದರ ಹಳೆಯ ಯುಟಿಎಫ್8ರಲ್ಲಿ 3 ಬೈಟ್‌ವರೆಗೆ ಮಾತ್ರ ಜಾಗ. ಕನ್ನಡ ಹಿಡಿಸುತ್ತದೆ, ಗಿರಾಕಿ ಹಾಕಿದ ಇಮೋಜಿ ಹಿಡಿಸುವುದಿಲ್ಲ.

ಕಾಲಂ ಲ್ಯಾಟಿನ್-1 ಅಂತ ಇದ್ದು ಒಳಗೆ ಯುಟಿಎಫ್-8 ಬೈಟ್‌ಗಳು ಕೂತಿದ್ದರೆ ನೇರವಾಗಿ ಯುಟಿಎಫ್8ಎಂಬಿ4ಗೆ ಕನ್ವರ್ಟ್ ಮಾಡಬೇಡಿ. ಕೆಟ್ಟಿದ್ದು ಇನ್ನೊಂದು ಸುತ್ತು ಕೆಡುತ್ತದೆ. ಮೊದಲು ಬ್ಯಾಕಪ್ ತೆಗೆಯಿರಿ. ಕಾಲಮ್ಮನ್ನು ಬ್ಲಾಬ್ (ಬರೀ ಬೈಟ್ ಇಡುವ ಕಾಲಂ) ಮಾಡಿ, ಆಮೇಲೆ ಬ್ಲಾಬ್‌ನಿಂದ ಯುಟಿಎಫ್8ಎಂಬಿ4 ಟೆಕ್ಸ್ಟ್ ಮಾಡಿ. ಇದನ್ನೂ ಟೇಬಲ್ಲಿನ ಒಂದು ಕಾಪಿಯ ಮೇಲೆ ಮಾಡಿ ನೋಡಿದ ಮೇಲೆಯೇ ಅಸಲಿಗೆ ಕೈ ಹಾಕಿ.

ಇದೇ ಗುರುತು ಎಕ್ಸೆಲ್‌ನಲ್ಲಿ ಮಾತ್ರ ಕಂಡರೆ ಸೈಟನ್ನು ಮುಟ್ಟಲೇಬೇಡಿ. ಆರ್ಡರ್ ಪಟ್ಟಿಯ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ ಎಕ್ಸೆಲ್‌ಗೆ ಅದು ಯುಟಿಎಫ್-8 ಅಂತ ಗೊತ್ತಾಗುವುದಿಲ್ಲ. ಫೈಲಿನ ಶುರುವಿನಲ್ಲೇ ಬಿಒಎಂ ಅನ್ನುವ 3 ಬೈಟ್ ಸೇರಿಸಿ ಕೊಡಿ, ಸರಿಹೋಗುತ್ತದೆ.

ಬೇರೆ ಗುರುತುಗಳು

ದೊಡ್ಡ 'ಎ' ಮೇಲೆ ಓರೆಗೆರೆ, ನಡುನಡುವೆ ಪೌಂಡ್ ಚಿಹ್ನೆ ಇದೆಯಾ? ಅದು ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದು. ಡಿಟಿಪಿಯವರು ಕೊಟ್ಟ ಫೈಲಿನಿಂದ ಯಾರೋ ಕಾಪಿ ಮಾಡಿ ಪೇಸ್ಟ್ ಮಾಡಿದ್ದಾರೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದವು. ಫಾಂಟ್ ತೆಗೆದರೆ ಕೆಳಗಿನ ಇಂಗ್ಲಿಷ್ ಕಾಣುತ್ತದೆ. ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ ಯೂನಿಕೋಡ್. ಯೂನಿಕೋಡ್ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ. ಆದರೆ ಮೊದಲು ಇಮೇಲ್ ವಿಳಾಸ, ಇಂಗ್ಲಿಷ್ ಹೆಸರುಗಳನ್ನು ಬೇರೆ ಎತ್ತಿಟ್ಟುಕೊಳ್ಳಿ. ಪರಿವರ್ತಕ ಅವನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಒತ್ತಕ್ಷರ, ಅರ್ಕಾವತ್ತುಗಳನ್ನು ಕಣ್ಣಾರೆ ಓದಿ ನೋಡಿಯೇ ಸೈಟಿಗೆ ಹಾಕಿ.

ಕಪ್ಪು ವಜ್ರದೊಳಗೆ ಪ್ರಶ್ನೆ ಚಿಹ್ನೆ ಕಂಡರೆ ಸಾಮಾನ್ಯವಾಗಿ ಯಾವುದೋ ಕೋಡ್ ಬೈಟ್ ಲೆಕ್ಕದಲ್ಲಿ ಅಕ್ಷರವನ್ನು ಅರ್ಧಕ್ಕೆ ಕತ್ತರಿಸಿದೆ ಅಂತ. ಖಾಲಿ ಚೌಕಗಳಾದರೆ ಫಾಂಟ್ ಇಲ್ಲ. ನೋಟೊ ಸಾನ್ಸ್ ಕನ್ನಡ ಹಾಕಿ ಮುಗಿಸಿ.

ಬರೀ ಪ್ರಶ್ನೆ ಚಿಹ್ನೆಗಳ ಸಾಲು ಡೇಟಾಬೇಸಿನ ಒಳಗೇ ಕೂತಿದ್ದರೆ ಮಾತ್ರ ಕಷ್ಟ. ಕನ್ನಡ ಹಿಡಿಸದ ಕಾಲಮ್ಮಿಗೆ ಕನ್ನಡ ಹಾಕಿದಾಗ ಡೇಟಾಬೇಸ್ ಒಂದೊಂದಕ್ಕೂ ಒಂದು ಪ್ರಶ್ನೆ ಚಿಹ್ನೆ ಬರೆದುಕೊಂಡು ಅಸಲನ್ನು ಬಿಟ್ಟುಬಿಟ್ಟಿರುತ್ತದೆ. ಅದನ್ನು ವಾಪಸ್ ತರುವ ಕೋಡ್ ಇಲ್ಲ. ಬ್ಯಾಕಪ್ ಹುಡುಕಬೇಕು, ಇಲ್ಲವೇ ಮತ್ತೆ ಟೈಪ್ ಮಾಡಬೇಕು. ಒಂದು ಸಂಘದ ಸದಸ್ಯರ ವಿಳಾಸಗಳು ಹೀಗೆ ಹೋಗಿ, ಕಾಗದದ ಅರ್ಜಿಗಳನ್ನು ತರಿಸಿಕೊಂಡು ಮೂರು ದಿನ ಟೈಪ್ ಮಾಡಿದ್ದೇನೆ.

ಕಣ್ಣಿಗೆ ಸರಿ, ಹುಡುಕಿದರೆ ಸಿಗದು

ಇಲ್ಲಿಯವರೆಗಿನ ತಪ್ಪುಗಳು ಕಾಣುತ್ತವೆ. ನನಗೆ ಜಾಸ್ತಿ ಕಾಡಿದ್ದು ಕಾಣದ ತಪ್ಪುಗಳು. ಈ ಎರಡು ಪದ ನೋಡಿ: ಬೆಂಗಳೂರು, ಬೆ೦ಗಳೂರು. ಒಂದೇ ಅನ್ನಿಸುತ್ತದೆ ಅಲ್ವಾ? ಮೊದಲನೆಯದರಲ್ಲಿ ಇರುವುದು ಅನುಸ್ವಾರ. ಎರಡನೆಯದರಲ್ಲಿ ಕನ್ನಡದ ಅಂಕಿ ಸೊನ್ನೆ. ಕಂಪ್ಯೂಟರಿಗೆ ಇವು ಪೂರ್ತಿ ಬೇರೆ. ಎರಡನೆಯ ಥರ ಟೈಪ್ ಮಾಡಿದ ವಿಳಾಸಗಳು ಬೆಂಗಳೂರು ಅಂತ ಹುಡುಕಿದರೆ ಸಿಗುವುದೇ ಇಲ್ಲ. ಅರ್ಕಾವತ್ತಿನ ಜಾಗದಲ್ಲಿ ಅಂಕಿ ಒಂಬತ್ತು ಹಾಕಿ 'ಕನಾ೯ಟಕ' ಅಂತ ಬರೆಯುವುದೂ ಅಷ್ಟೇ ಸಾಮಾನ್ಯ.

ಗಿರಾಕಿ ಟೈಪ್ ಮಾಡಿದ್ದನ್ನು ಹಾಗೇ ಇಟ್ಟುಕೊಳ್ಳಿ. ಹುಡುಕಾಟಕ್ಕೆ ಅಂತ ಪಕ್ಕದಲ್ಲಿ ಇನ್ನೊಂದು ಕಾಲಂ ಮಾಡಿ, ಅದರಲ್ಲಿ ತೊಳೆದ ಪ್ರತಿ ಇಡಿ. ತೊಳೆಯುವುದು ಹೀಗೆ. ಕನ್ನಡ ಅಕ್ಷರ ಅಥವಾ ಸ್ವರಚಿಹ್ನೆಯ ಬೆನ್ನಿಗೇ ೦ ಬಂದರೆ ಅದನ್ನು ಅನುಸ್ವಾರ ಮಾಡಿ. ಹಿಂದೆ ಅಂಕಿ ಇದ್ದರೆ ಮುಟ್ಟಬೇಡಿ, ಅದು ನಿಜವಾದ ಸೊನ್ನೆ. ಅದೇ ಥರ ಅಕ್ಷರ ಅಥವಾ ಸ್ವರಚಿಹ್ನೆಯ ಬೆನ್ನಿಗೇ ೯ ಕಂಡರೆ ಅದನ್ನು ತೆಗೆದು, ಹಿಂದಿನ ಅಕ್ಷರದ ಮೊದಲಿಗೆ 'ರ್' ಇಡಿ: 'ನಾ೯' ಹೋಗಿ 'ರ್ನಾ' ಆಗಬೇಕು. 'ಮನೆ೯' ಅಂತ ಸ್ಪೇಸ್ ಇಲ್ಲದೆ ಬರೆದವರೂ ಇರುತ್ತಾರೆ, ಹಾಗಾಗಿ ಇದನ್ನು ಪೂರ್ತಿ ಕೋಡಿಗೆ ಬಿಡದೆ ಬದಲಾಗುವ ಪದಗಳ ಪಟ್ಟಿಯನ್ನು ಒಮ್ಮೆ ಓದಿ.

ಆಮೇಲೆ ಎನ್‌ಎಫ್‌ಸಿ ನಾರ್ಮಲೈಸೇಷನ್ ಮಾಡಿ. 'ಕೇ' ಅನ್ನುವುದರ ಏತ್ವವನ್ನು ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಅಂತ ಎರಡಾಗಿಯೂ ಬರೆಯಬಹುದು. ಎನ್‌ಎಫ್‌ಸಿ ಎರಡನ್ನೂ ಒಂದು ಮಾಡುತ್ತದೆ. ಕೊನೆಗೆ 'ಹಾರ್ಡ್‌ವೇರ್' ಥರದ ಪದಗಳಲ್ಲಿ 'ವೇ' ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ನಾನ್-ಜಾಯ್ನರ್ ಚಿಹ್ನೆಯನ್ನು ತೆಗೆಯಿರಿ. ಹುಡುಕುವವರು ಅದನ್ನು ಟೈಪ್ ಮಾಡುವುದು ಕಡಿಮೆ. ಹುಡುಕುವ ಪದವನ್ನೂ ಇದೇ ರೀತಿ ತೊಳೆದೇ ಹೋಲಿಸಬೇಕು. ಇದು ಮರೆತರೆ ಮಾಡಿದ್ದೆಲ್ಲ ವ್ಯರ್ಥ.

ಮಲ್ಲೇಶ್ವರದಲ್ಲಿ ಎಷ್ಟು ಅಕ್ಷರ?

ನಾವು ಓದುವುದು 4: ಮ, ಲ್ಲೇ, ಶ್ವ, ರ. ಜಾವಾಸ್ಕ್ರಿಪ್ಟ್ ಕೇಳಿದರೆ ಸ್ವರಚಿಹ್ನೆಯನ್ನೂ, 'ಲ್', 'ಶ್' ಮೇಲಿನ ವಿರಾಮ ಚಿಹ್ನೆಯನ್ನೂ ಬೇರೆಬೇರೆ ಎಣಿಸಿ 9 ಅನ್ನುತ್ತದೆ. ಪಿಎಚ್‌ಪಿಯ ಸ್ಟ್ರ್‌ಲೆನ್ 27 ಅನ್ನುತ್ತದೆ, ಯಾಕೆಂದರೆ ಅದು ಎಣಿಸುವುದು ಬೈಟ್. ಮೂರೂ ಸರಿ. ಯಾವುದನ್ನು ಕೇಳುತ್ತಿದ್ದೀರಿ ಅನ್ನುವುದು ನಿಮಗೆ ಗೊತ್ತಿರಬೇಕು. ಕನ್ನಡ ಎಸ್‌ಎಂಎಸ್ ಕಳಿಸುವವರಿಗೆ ಇದು ದುಡ್ಡಿನ ಲೆಕ್ಕವೂ ಹೌದು. ಇಂಗ್ಲಿಷಿಗೆ ಒಂದು ಮೆಸೇಜಿನಲ್ಲಿ 160 ಸಿಗುತ್ತದೆ, ಕನ್ನಡಕ್ಕೆ 70. ಅದರಲ್ಲಿ ಮಲ್ಲೇಶ್ವರ ಒಂದಕ್ಕೇ 9 ಹೋಗುತ್ತದೆ.

ಇದೇ ಪದವನ್ನು 6ಕ್ಕೆ ಕತ್ತರಿಸಿದರೆ 'ಮಲ್ಲೇಶ' ಉಳಿಯುತ್ತದೆ. ಬಡಾವಣೆ ಹೋಗಿ ಮನುಷ್ಯರ ಹೆಸರಾಯಿತು! ಎಲ್ಲೂ ವಜ್ರ ಇಲ್ಲ, ಚೌಕ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಪುಟದಲ್ಲಿ ಜಾಗ ಸಾಲದೆ ಕತ್ತರಿಸುತ್ತಿದ್ದರೆ ಆ ಕೆಲಸವನ್ನು ಸಿಎಸ್‌ಎಸ್‌ನ ಎಲಿಪ್ಸಿಸ್‌ಗೆ ಬಿಡಿ. ಕೋಡಿನಲ್ಲೇ ಕತ್ತರಿಸಬೇಕಾದರೆ ಒಂದು ನಿಯಮ ಇಟ್ಟುಕೊಳ್ಳಿ. ಕತ್ತರಿಯ ಬಲಕ್ಕೆ ಸ್ವರಚಿಹ್ನೆ, ಅನುಸ್ವಾರ, ವಿಸರ್ಗ ಅಥವಾ ವಿರಾಮ ಇದ್ದರೆ, ಇಲ್ಲವೇ ಎಡಕ್ಕೆ ವಿರಾಮ ಇದ್ದರೆ, ಒಂದು ಹೆಜ್ಜೆ ಹಿಂದೆ ಬನ್ನಿ. ಸರಿಯಾದ ಜಾಗ ಸಿಗುವವರೆಗೂ ಹಿಂದೆ ಬನ್ನಿ.

ಅಕಾರಾದಿಯಲ್ಲೂ ಒಂದು ತೊಡಕಿದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಯದು. ಯೂನಿಕೋಡ್ ಸಂಖ್ಯೆಗಳಲ್ಲಿ ಅದು ಲ ಮತ್ತು ವ ನಡುವೆ ಕೂತಿದೆ. ಹಾಗಾಗಿ ಸುಮ್ನೆ ಸಾರ್ಟ್ ಮಾಡಿದರೆ ಬಳೇಪೇಟೆ ಮುಂದೆ ಬಂದು ಬಸವನಗುಡಿ ಹಿಂದೆ ಹೋಗುತ್ತದೆ. ಹೋಲಿಸುವ ಫಂಕ್ಷನ್ನಿಗೆ ಭಾಷೆ ಕನ್ನಡ ಅಂತ ಹೇಳಿ ಸಾರ್ಟ್ ಮಾಡಿಸಿ.

ಗಾಂಧಿ ಬಜಾರಿನ ಅಂಗಡಿಯವರ ಸ್ಕ್ರೀನ್‌ಶಾಟ್‌ನಲ್ಲಿ ಇದ್ದಿದ್ದು ಸಣ್ಣ 'ಎ', ಪುಟ್ಟ 2. ಹಿಂದಿನ ರಾತ್ರಿ ಸೈಟನ್ನು ಹೊಸ ಸರ್ವರಿಗೆ ಸಾಗಿಸಿದ್ದೆವು. ಹೊಸ ಕಡೆ ಕನೆಕ್ಷನ್ನಿನ ಸಾಲು ಇರಲಿಲ್ಲ. ಒಂದು ಸಾಲು ಸೇರಿಸಿದೆ, ಅರಿಶಿನ ಕುಂಕುಮ ವಾಪಸ್ ಬಂದವು. ಈಗ ಸೈಟ್ ಸಾಗಿಸಿದಾಗಲೆಲ್ಲ ಮೊದಲು ಐದು ಪದ ಹಾಕಿ ನೋಡುತ್ತೇನೆ: ಸ್ತ್ರೀ, ಅರ್ಕಾವತಿ, ಬೆಂಗಳೂರು, ಹಾರ್ಡ್‌ವೇರ್, ಬಳೇಪೇಟೆ. ಫಾರ್ಮಿನಲ್ಲಿ ತುಂಬಿ ಸೇವ್ ಮಾಡುತ್ತೇನೆ, ಹುಡುಕುತ್ತೇನೆ, ಎಕ್ಸೆಲ್‌ಗೆ ಇಳಿಸಿ ತೆರೆಯುತ್ತೇನೆ. ಸ್ತ್ರೀಯ ಒತ್ತುಗಳು ಕೆಳಗೆ ಕತ್ತರಿಸಿದಂತೆ ಕಂಡರೆ ಸಾಲಿನ ಎತ್ತರವನ್ನು 1.6ಕ್ಕೆ ಏರಿಸುತ್ತೇನೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ.