ಕೋಳಿಮರಿಯ ಕಣ್ಣಿಗೆ ಒಂದು ಹನಿ: ಅಲ್ಲಿಂದ ಮುಂದೆ ಏನಾಗುತ್ತದೆ?

ಪುಣೆಯ ಹೊರಗೆ ಪಿರಂಗುಟ್ ಕಡೆ ನಮ್ಮ ಕಾಕಾ ನಾನ್ನೂರು ಕೋಳಿ ಸಾಕುತ್ತಾರೆ. ಇಂಡಿ ತಾಲ್ಲೂಕು ಬಿಟ್ಟು ಮೂವತ್ತು ವರ್ಷವಾದರೂ ಮಾತು ಮಾತ್ರ ಊರಿನದೇ. ಮೊನ್ನೆ ಮರಿಗಳಿಗೆ ಉಸಿರಾಟದ ಒಂದು ರೋಗದ ಲಸಿಕೆ ಹಾಕಲು ಹೋದಾಗ ಶುರು ಮಾಡಿದರು: "ಇಷ್ಟೂ ಮರಿ ಹಿಡದು ಕಣ್ಣಾಗ ಹನಿ ಬಿಡೂದು ಯಾವಾಗ ಮುಗೀಬೇಕೋ ತಮ್ಮಾ? ನೀರಾಗ ಕಲಸಿ ಇಟ್ರ ಆತಲ್ಲ?"

ನೀರಲ್ಲಿ ಕೊಡುವ ಪದ್ಧತಿಯೂ ಇದೆ, ಅದು ತಪ್ಪಲ್ಲ. ಆದರೆ ಹಿಂದಿನ ಬ್ಯಾಚಿಗೆ ಹಾಗೆ ಕೊಟ್ಟಾಗ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದು ಯಾರಿಗೂ ನೆನಪಿರಲಿಲ್ಲ. ಲಸಿಕೆಯಲ್ಲಿ ಇರುವುದು ಜೀವಂತ ವೈರಸ್, ಕ್ಲೋರಿನ್ ತಾಗಿದರೆ ಸತ್ತೇ ಹೋಗುತ್ತದೆ. ಅಂದರೆ ಕೋಳಿಗಳು ಕುಡಿದದ್ದು ಸುಮ್ನೆ ನೀರು. ಕೆಲವು ತಿಂಗಳಿಗೆ ಶೆಡ್ಡಿಗೆ ರೋಗ ಬಂತು. ಮೊಟ್ಟೆ ಸಿಪ್ಪೆ ಸುಕ್ಕುಸುಕ್ಕು, ಒಡೆದರೆ ಬಿಳಿ ಭಾಗ ನೀರಿನ ಹಾಗೆ ತಟ್ಟೆ ತುಂಬ ಹರಿಯುತ್ತಿತ್ತು.

ಈ ರೋಗದ ಹೆಸರು ಇನ್‌ಫೆಕ್ಷಿಯಸ್ ಬ್ರಾಂಕೈಟಿಸ್. ಫಾರಂನವರ ಬಾಯಲ್ಲಿ ಐಬಿ. ತರುವುದು ಒಂದು ಕೊರೊನಾ ವೈರಸ್! ಹೆದರಬೇಡಿ, ಇದು ಕೋಳಿಗಳದ್ದು, ಮನುಷ್ಯರಿಗೆ ರೋಗ ತರುವುದಿಲ್ಲ. 1931ರಲ್ಲೇ ಅಮೆರಿಕದ ನಾರ್ತ್ ಡಕೋಟದಲ್ಲಿ ಈ ರೋಗವನ್ನು ಗುರುತಿಸಿದ್ದರು. 2020ರ ಶುರುವಿನಲ್ಲಿ ಕೋಳಿ ತಿಂದರೆ ಕೊರೊನಾ ಬರುತ್ತದೆ ಅಂತ ಯಾರೋ ವಾಟ್ಸಾಪಿನಲ್ಲಿ ಹಬ್ಬಿಸಿ ಕೋಳಿ ರೇಟು ನೆಲ ಕಚ್ಚಿತಲ್ಲ, ಆಗ ಕಾಕಾ ಎಷ್ಟು ಬೈದಿದ್ದರು ಅಂತ ಇಲ್ಲಿ ಬರೆಯುವ ಹಾಗಿಲ್ಲ.

ಈಗ ಕೆಲಸಕ್ಕೆ ಬರೋಣ. ಲಸಿಕೆ ಸೀಸೆಯನ್ನು ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಟ್ಟಿರಬೇಕು. ಜೊತೆಗೆ ಕೊಡುವ ದ್ರಾವಣದಲ್ಲೇ ಕಲಸಿ, ನಲ್ಲಿ ನೀರು ಬೇಡವೇ ಬೇಡ. ಕಲಸಿದ ಮೇಲೆ ಸೀಸೆಯನ್ನು ಐಸ್ ಮೇಲಿಟ್ಟುಕೊಂಡು ಎರಡು ಗಂಟೆಯೊಳಗೆ ಮುಗಿಸಿ. ಕೋಳಿಗಳ ಇನ್ನೊಂದು ವೈರಸ್ ರೋಗವಾದ ರಾಣಿಖೇತ್‌ನ ಲಸಿಕೆಯನ್ನು ನೀವೇ ಇದಕ್ಕೆ ಬೆರೆಸಲು ಹೋಗಬೇಡಿ. ಐಬಿ ವೈರಸ್ ಅದನ್ನು ಬೆಳೆಯಲು ಬಿಡದೆ ಹೋಗಬಹುದು. ಎರಡೂ ಸರಿಯಾದ ಅಳತೆಯಲ್ಲಿ ಸೇರಿಸಿದ ಸೀಸೆಗಳೇ ಸಿಗುತ್ತವೆ. ರಾಣಿಖೇತ್ ಲಸಿಕೆ ಸೇರಿದ್ದರೆ ಆ ಕೈಯಲ್ಲಿ ನಿಮ್ಮ ಕಣ್ಣು ಉಜ್ಜಬೇಡಿ, ಕೆಂಪಾಗಿ ಊದಿಕೊಳ್ಳುತ್ತದೆ.

ಆಮೇಲೆ ಮರಿಯನ್ನು ಅಂಗೈಯಲ್ಲಿ ಹಿಡಿದು ತಲೆಯನ್ನು ಪಕ್ಕಕ್ಕೆ ವಾಲಿಸಿ, ಕಣ್ಣು ಮೇಲೆ ಬರುವ ಹಾಗೆ. ಡ್ರಾಪರ್ ತುದಿ ಕಣ್ಣಿಗೆ ತಾಗಬಾರದು. ಒಂದೇ ಹನಿ. ಬಿಟ್ಟ ತಕ್ಷಣ ಮರಿಯನ್ನು ಕೆಳಗೆ ಹಾಕಬೇಡಿ. ಕಾಕಾ ಮಾಡುತ್ತಿದ್ದ ತಪ್ಪು ಅದೇ, ಹನಿ ಕೆನ್ನೆ ಮೇಲಿಂದ ಜಾರಿ ನೆಲಕ್ಕೆ ಬೀಳುತ್ತಿತ್ತು. ಮರಿ ಕಣ್ಣು ಮಿಟುಕಿಸಿ ಹನಿಯನ್ನು ಒಳಗೆ ಎಳೆದುಕೊಳ್ಳುವವರೆಗೆ ತಡೆಯಿರಿ. ಬಣ್ಣ ಹಾಕಿದ ದ್ರಾವಣವಾದರೆ ಸ್ವಲ್ಪ ಹೊತ್ತಿಗೆ ಕೊಕ್ಕು ಬಿಡಿಸಿ ನೋಡಿ: ನಾಲಿಗೆ ನೀಲಿ! ಕಣ್ಣಿಗೆ ಹಾಕಿದ್ದು ಮೂಗಿಗಿಳಿದು ಬಾಯಿಗೆ ಬಂದಿದೆ. ನೀಲಿ ನಾಲಿಗೆ ನೋಡಿದ ಮೇಲೆ ಕಾಕಾ ಗೊಣಗುವುದು ನಿಲ್ಲಿಸಿದರು.

ಅಷ್ಟಕ್ಕೂ ಕಣ್ಣೇ ಯಾಕೆ? ವೈರಸ್ಸಿನ ಮೈ ಮೇಲೆ ಸುತ್ತಲೂ ಮುಳ್ಳುಗಳಿವೆ, ಸ್ಪೈಕ್ ಪ್ರೋಟೀನ್ ಅನ್ನುವುದು ಅದನ್ನೇ. ಮುಳ್ಳಿನ ತಲೆ ಎಸ್1, ಕಾಂಡ ಎಸ್2. ಕೋಳಿಯ ಶ್ವಾಸನಾಳದ ಜೀವಕೋಶಗಳ ಮೇಲೆ ಸಯಾಲಿಕ್ ಆಸಿಡ್ ಅನ್ನುವ ಸಕ್ಕರೆ ಇರುತ್ತದೆ, ಎಸ್1 ಅದನ್ನು ಹಿಡಿದು ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಮಾತ್ರ ಒಳಗೆ ಪ್ರವೇಶ. ಹಾಗಾಗಿ ಆ ತಲೆಗೇ ಏನಾದರೂ ಮೊದಲೇ ಅಂಟಿಕೊಂಡಿದ್ದರೆ ವೈರಸ್ಸಿಗೆ ಹಿಡಿತ ಸಿಗುವುದಿಲ್ಲ. ಆ ಅಂಟಿಕೊಳ್ಳುವ ವಸ್ತುವೇ ಆ್ಯಂಟಿಬಾಡಿ. 1994ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ವೈರಸ್ಸಿನ ಎಸ್1, ಹೊದಿಕೆಯಲ್ಲಿರುವ ಎಂ, ಒಳಗಿರುವ ಎನ್ ಪ್ರೋಟೀನ್‌ಗಳನ್ನು ಬೇರೆ ಬೇರೆಯಾಗಿ ಕೋಳಿಗಳಿಗೆ ಕೊಟ್ಟು ನೋಡಿದರು. ಕಾಪಾಡಿದ್ದು ಎಸ್1 ಒಂದೇ, ಅದೂ ಮತ್ತೆ ಮತ್ತೆ ಕೊಟ್ಟ ಮೇಲೆ. ಹಾಗಂತ ಎನ್ ದಂಡ ಅಂತಲ್ಲ. ಸೋಂಕು ತಗುಲಿದ ಜೀವಕೋಶಗಳನ್ನು ಹುಡುಕಿ ಕೊಲ್ಲುವ ಟಿ ಕೋಶಗಳಿಗೆ ಅದು ಗುರುತು ಕೊಡುತ್ತದೆ.

ಕೋಳಿಯ ಕಣ್ಣಗುಡ್ಡೆಯ ಹಿಂದೆ ಹಾರ್ಡೇರಿಯನ್ ಗ್ರಂಥಿ ಅಂತ ಒಂದಿದೆ. ಆ್ಯಂಟಿಬಾಡಿ ಮಾಡುವ ಕೋಶಗಳು ಅದರಲ್ಲಿ ಜಾಸ್ತಿ. ಹನಿಯಲ್ಲಿ ಬಂದ ದುರ್ಬಲ ವೈರಸ್ ಅಲ್ಲೇ ಬೆಳೆದು ತನ್ನ ಮುಳ್ಳು ತೋರಿಸುತ್ತದೆ, ಗ್ರಂಥಿ ಆ ಮುಳ್ಳಿಗೆ ಸರಿಹೊಂದುವ ಆ್ಯಂಟಿಬಾಡಿಯನ್ನು ಕಣ್ಣೀರಿಗೆ ಬಿಡುತ್ತದೆ, ಕಣ್ಣೀರು ಆ ನೀಲಿ ಬಣ್ಣ ಇಳಿದ ದಾರಿಯಲ್ಲೇ ಮೂಗು ಗಂಟಲಿಗೆ ಇಳಿಯುತ್ತದೆ. ರೋಗ ಬರುವ ಬಾಗಿಲೂ ಅದೇ ಅಲ್ವಾ? ರಕ್ತದಲ್ಲಿ ಆ್ಯಂಟಿಬಾಡಿ ಎಷ್ಟಿದ್ದರೂ ಶ್ವಾಸನಾಳದ ಕಾವಲು ಅದೊಂದರಿಂದಲೇ ಆಗುವುದಿಲ್ಲ. ಸತ್ತ ವೈರಸ್ಸಿನ ಇಂಜೆಕ್ಷನ್ನನ್ನು ಮೊಟ್ಟೆ ಇಡುವ ಮುಂಚೆ ಕೊಡುವುದುಂಟು, ಆದರೆ ಅದಕ್ಕೆ ಮೊದಲು ಜೀವಂತ ಲಸಿಕೆ ಬಿದ್ದಿರಬೇಕು.

ತಲೆನೋವು ಇರುವುದು ಇನ್ನೊಂದು ಕಡೆ. ಎಸ್1 ರೂಪ ಬದಲಿಸುತ್ತಲೇ ಇರುತ್ತದೆ. ಬೇರೆ ಬೇರೆ ತಳಿಗಳಲ್ಲಿ ಅದರ ಅಮೈನೋ ಆಮ್ಲಗಳು (ಪ್ರೋಟೀನ್ ಕಟ್ಟುವ ಇಟ್ಟಿಗೆಗಳು) ಸಾಮಾನ್ಯವಾಗಿ ಶೇ 20–25ರಷ್ಟು ಬೇರೆ ಇರುತ್ತವೆ, ಕೆಲವೊಮ್ಮೆ ಶೇ 2–3ರಷ್ಟು ಬದಲಾದರೂ ಹಳೆಯ ಆ್ಯಂಟಿಬಾಡಿಗೆ ಸರಿಯಾಗಿ ಗುರುತು ಸಿಗುವುದಿಲ್ಲ. ಎಲ್ಲ ಕಡೆ ಬಳಸುವ ಎಚ್120 ಲಸಿಕೆ ಮ್ಯಾಸಚೂಸೆಟ್ಸ್ ತಳಿಯದ್ದು. ಮರಿ ಬೆಳೆಯುತ್ತಿರುವ ಮೊಟ್ಟೆಗಳಲ್ಲಿ 120 ಸಲ ದಾಟಿಸಿ ವೈರಸ್ಸಿನ ಸೊಕ್ಕು ಇಳಿಸಿದ್ದಕ್ಕೆ ಆ ಹೆಸರು. ಅದರ ಜೊತೆ 4/91ರಂಥ ಬೇರೆ ತಳಿಯ ಲಸಿಕೆಯನ್ನೂ ಕೊಟ್ಟರೆ ರಕ್ಷಣೆ ಅಗಲವಾಗುತ್ತದೆ. ಆದರೆ ನಿಮ್ಮ ಸುತ್ತಮುತ್ತ ಇಲ್ಲದ ತಳಿಯನ್ನು ನೀವೇ ತಂದು ಶೆಡ್ಡಿಗೆ ಬಿಟ್ಟ ಹಾಗಾಗಬಾರದು, ಇದನ್ನು ಪಶುವೈದ್ಯರನ್ನು ಕೇಳಿಯೇ ಮಾಡಿ. ಎರಡನೇ ಡೋಸಿನ ದಿನವನ್ನೂ ಅವರೇ ಹೇಳಲಿ.

ನಾಲ್ಕನೇ ದಿನ ಕಾಕಾನ ಫೋನು: "ಮರಿ ಸೀನಾಕತ್ಯಾವಲ್ಲೋ!" ಸೀನಲಿ ಬಿಡಿ ಅಂದೆ. ಲಸಿಕೆಯ ವೈರಸ್ ಶ್ವಾಸನಾಳದಲ್ಲಿ ಬೆಳೆಯುತ್ತಿದೆ ಅಂತ ಅರ್ಥ, ಕೆಲವು ದಿನದಲ್ಲಿ ತಾನೇ ನಿಲ್ಲುತ್ತದೆ. ರಾತ್ರಿ ಥಂಡಿ ಅಂತ ಪರದೆಯನ್ನು ಪೂರ್ತಿ ಇಳಿಸಬೇಡಿ, ಒಳಗೆ ಅಮೋನಿಯಾ ವಾಸನೆ ಕಣ್ಣಿಗೆ ಹೊಡೆದರೆ ಸೀನು ಇನ್ನೂ ಜಾಸ್ತಿಯಾಗುತ್ತದೆ. ವಾರ ದಾಟಿದರೂ ನಿಲ್ಲದಿದ್ದರೆ ನನಗಲ್ಲ, ಡಾಕ್ಟರಿಗೆ ಫೋನ್ ಮಾಡಿ ಅಂದೆ.