‘ಅಫ್ರೇಡ್’ ಪದವನ್ನು ತಪ್ಪಿಲ್ಲದೆ ಬಳಸುವುದು ಹೇಗೆ?

ಮಂಡ್ಯ, ಮೈಸೂರು ಕಡೆಯ ಕಾಲೇಜು ಮಕ್ಕಳು ಸಂದರ್ಶನಕ್ಕೆ ತಯಾರಾಗುವಾಗ ಎಡವುವ ಇಂಗ್ಲಿಷ್ ಪದಗಳಲ್ಲಿ ‘ಅಫ್ರೇಡ್’ ಒಂದು. ‘ನನಗೆ ಭಯವಾಗುತ್ತಿದೆ’ ಎಂಬುದನ್ನು ‘ಫಿಯರ್ ಈಸ್ ಕಮಿಂಗ್ ಟು ಮಿ’ ಎನ್ನುತ್ತಾರೆ, ಇಲ್ಲವೇ ‘ಐ ಆಮ್ ಅಫ್ರೇಡಿಂಗ್’ ಎನ್ನುತ್ತಾರೆ. ಚುರುಕಾದ ಮಕ್ಕಳು ಇಷ್ಟಕ್ಕೇ ಅಳುಕಿ ಬಾಯಿ ಮುಚ್ಚಿ ಕೂರುವುದನ್ನು ಕಂಡಾಗ ಸಂಕಟವಾಗುತ್ತದೆ.

ಮೊದಲನೆಯದು: ಇದು ಕ್ರಿಯಾಪದವಲ್ಲ. ‘ಅಫ್ರೇ’ ಎಂಬ ಹಳೆಯ ಕ್ರಿಯಾಪದದಿಂದ ಹುಟ್ಟಿ, ‘ಹೆದರಿದ’ ಎಂಬ ರೂಪದಲ್ಲೇ ನಿಂತುಬಿಟ್ಟ ವಿಶೇಷಣ. ಆದ್ದರಿಂದ ಜೊತೆಗೆ ಆಮ್, ಈಸ್, ವಾಸ್‌ನಂಥ ಪದ ಬೇಕೇ ಬೇಕು, ‘ಇಂಗ್’ ಸೇರದು. (‘ಅಫ್ರೇ’ ನಾಮಪದವಾಗಿ ಕಾನೂನಿನಲ್ಲಿ ಉಳಿದಿದೆ. ಸಾರ್ವಜನಿಕ ಸ್ಥಳದಲ್ಲಿ ಶಾಂತಿ ಕದಡುವ ಹೊಡೆದಾಟಕ್ಕೆ 2024ರ ಜೂನ್‌ವರೆಗೆ ಜಾರಿಯಲ್ಲಿದ್ದ 1860ರ ಭಾರತೀಯ ದಂಡ ಸಂಹಿತೆಯ 159ನೇ ಕಲಂ ಕೊಟ್ಟಿದ್ದ ಹೆಸರು ಅದೇ.)

ಎರಡನೆಯದು: ನಾಮಪದಕ್ಕೆ ಮೊದಲು ಹಾಕಬೇಡಿ. ‘ಅಫ್ರೇಡ್ ಚೈಲ್ಡ್’ ತಪ್ಪು, ‘ಫ್ರೈಟನ್ಡ್ ಚೈಲ್ಡ್’ ಸರಿ.

ಮೂರನೆಯದರಲ್ಲೇ ಎಲ್ಲರೂ ಸಿಕ್ಕಿಬೀಳುವುದು. ಕಬ್ಬಿನ ಗದ್ದೆಯಲ್ಲಿ ಚಿರತೆ ಕಾಣಿಸಿಕೊಂಡಿದೆ ಎಂದುಕೊಳ್ಳಿ. ಭಯ ಹುಟ್ಟಿಸಿದ್ದು ಚಿರತೆ, ಹಾಗಾಗಿ ‘ಅಫ್ರೇಡ್ ಆಫ್ ದ ಲೆಪರ್ಡ್’. ‘ಫ್ರಮ್’ ಬೇಡವೇ ಬೇಡ. ರಾತ್ರಿ ನೀರು ಹಾಯಿಸಲು ಹೋಗುವುದಕ್ಕೆ ರೈತ ಹಿಂಜರಿಯುತ್ತಾನೆ: ‘ಹಿ ಈಸ್ ಅಫ್ರೇಡ್ ಟು ಗೋ’. ಕೊಟ್ಟಿಗೆಯಲ್ಲಿರುವ ಕರುವಿಗೆ ಏನಾದೀತೋ ಎಂಬ ಆತಂಕ ಬೇರೆ: ‘ಅಫ್ರೇಡ್ ಫಾರ್ ದ ಕಾಫ್’. ಇಲ್ಲಿ ‘ಆಫ್’ ಹಾಕಿದರೆ ರೈತ ಕರುವಿಗೇ ಹೆದರಿದಂತಾಗುತ್ತದೆ.

‘ಟು’ ಮತ್ತು ‘ಆಫ್’ ನಡುವಿನ ಗೆರೆ ಇನ್ನೂ ಸೂಕ್ಷ್ಮ. ನಾಲೆಯ ಏರಿ ಮಳೆಗೆ ನೆಂದು ಜಾರುತ್ತಿದೆ. ಅದರ ಮೇಲೆ ನಡೆಯುವುದು, ಬಿಡುವುದು ನಮ್ಮ ಇಷ್ಟ. ಅದಕ್ಕೆ ‘ಅಫ್ರೇಡ್ ಟು ವಾಕ್’. ಜಾರಿ ಬೀಳುವುದು ನಮ್ಮ ಕೈಯಲ್ಲಿಲ್ಲ. ಅದಕ್ಕೆ ‘ಅಫ್ರೇಡ್ ಆಫ್ ಸ್ಲಿಪ್ಪಿಂಗ್’. ‘ಅಫ್ರೇಡ್ ಟು ಸ್ಲಿಪ್’ ಎನ್ನುವಂತಿಲ್ಲ. ನಾವಾಗಿ ಮಾಡುವ ಕೆಲಸಕ್ಕೆ ‘ಆಫ್ ವಾಕಿಂಗ್’ ಕೂಡ ನಡೆಯುತ್ತದೆ, ಆದರೆ ಕಲಿಯುವವರು ‘ಟು’ ಹಿಡಿದುಕೊಳ್ಳುವುದೇ ಕ್ಷೇಮ.

ತಿಂಗಳೊಪ್ಪತ್ತಿನಲ್ಲಿ ಇಂಗ್ಲಿಷ್ ಕಲಿಸುತ್ತೇವೆಂದು ಬಸ್ ನಿಲ್ದಾಣದಲ್ಲಿ ಮಾರುವ ಪುಸ್ತಿಕೆಗಳು ‘ಅಫ್ರೇಡ್ ಎಂದರೆ ಭಯ’ ಎಂದಷ್ಟೇ ಅಚ್ಚು ಹಾಕಿ ಮುಗಿಸುತ್ತವೆ. ಅವನ್ನು ಕೊಳ್ಳಬೇಡಿ. ಪ್ರತಿ ಅರ್ಥಕ್ಕೂ ಉದಾಹರಣೆಯ ವಾಕ್ಯ ಕೊಡುವ ನಿಘಂಟು ಕೊಳ್ಳಿ. ‘ಐ ಫಿಯರ್ ಡಾಗ್ಸ್’ ಎಂಬುದು ವ್ಯಾಕರಣಕ್ಕೆ ಸರಿ. ಮಾತಿನಲ್ಲಿ ಮಾತ್ರ ಅದು ಪುಸ್ತಕದ ಭಾಷೆಯಾಗಿ ಕೇಳಿಸುತ್ತದೆ, ಬಿಟ್ಟುಬಿಡಿ.

ಕೊನೆಯದು, ಭಯವೇ ಇಲ್ಲದ ‘ಅಫ್ರೇಡ್’. ಕಚೇರಿಗೆ ಫೋನ್ ಮಾಡಿದಾಗ ಅದನ್ನು ಎತ್ತಿದಾಕೆ ‘ಐ ಆಮ್ ಅಫ್ರೇಡ್ ದ ಮ್ಯಾನೇಜರ್ ಈಸ್ ಆನ್ ಲೀವ್’ ಎಂದರೆ ಆಕೆ ಯಾರಿಗೂ ಹೆದರಿಲ್ಲ. ನಿರಾಸೆಯ ಸುದ್ದಿ ಹೇಳುವ ಮುಂಚಿನ ಸೌಜನ್ಯ ಅದು. ‘ಡೋಂಟ್ ಬಿ ಅಫ್ರೇಡ್’ ಎಂದು ಸಮಾಧಾನ ಹೇಳಬೇಡಿ. ಸಿಹಿ ಸುದ್ದಿಯ ಮುಂದೆ ಇದನ್ನು ಎಂದೂ ಬಳಸಬೇಡಿ. ಕೊನೆಯ ಬಸ್ ಹೊರಟುಹೋಯಿತೇ ಎಂದು ಯಾರಾದರೂ ಕೇಳಿ, ಅದು ಹೋಗಿದ್ದರೆ ‘ಐ ಆಮ್ ಅಫ್ರೇಡ್ ಸೋ’. ಸೀಟು ಉಳಿದಿದೆಯೇ ಎಂದು ಕೇಳಿ, ಉಳಿದಿಲ್ಲದಿದ್ದರೆ ‘ಐ ಆಮ್ ಅಫ್ರೇಡ್ ನಾಟ್’.